ಹೊಳೆಯುವ ಕಲ್ಲೆಲ್ಲ ಅಪರೂಪದ ಲೋಹವಲ್ಲ: ಖನಿಜಗಳನ್ನು ಸ್ಥಳದಲ್ಲೇ ಗುರುತಿಸುವ ಬಗ್ಗೆ

ಮಾನ್ಯ ಸಂಪಾದಕರೇ,

ಕೃಷ್ಣಗಿರಿ ಜಿಲ್ಲೆಯ ಹೊಸೂರು, ಡೆಂಕಣಿಕೋಟೆ ತಾಲ್ಲೂಕುಗಳಲ್ಲಿ, ಹಾಗೆಯೇ ಗಡಿಯಾಚೆಯ ಮಾಲೂರು, ಬಂಗಾರಪೇಟೆ, ಕುಪ್ಪಂ ಕಡೆಗಳಲ್ಲಿ, ಹೊಲ ಉಳುವಾಗಲೋ ಬೋರ್‌ವೆಲ್ ಕೊರೆಸುವಾಗಲೋ ಮಿರುಗುವ ಕಲ್ಲೊಂದು ಕಣ್ಣಿಗೆ ಬಿದ್ದರೆ, ಅದು ‘ಅಪರೂಪದ ಲೋಹ’ ಎಂಬ ಸುದ್ದಿ ಅದರ ಬೆಲೆಯ ಸಮೇತ ಸಂಜೆಯೊಳಗೆ ಮೊಬೈಲ್‌ಗಳಲ್ಲಿ ಊರೂರು ಸುತ್ತುವುದು ಈಗ ಸಾಮಾನ್ಯವಾಗಿದೆ. ಇದಕ್ಕೆ ಹಿನ್ನೆಲೆ ಇಲ್ಲದಿಲ್ಲ. ಕೇಂದ್ರ ಗಣಿ ಸಚಿವಾಲಯ 2023ರಲ್ಲಿ ದೇಶಕ್ಕೆ ಅತ್ಯಗತ್ಯವೆಂದು ಪರಿಗಣಿಸಿದ 30 ‘ನಿರ್ಣಾಯಕ’ ಖನಿಜಗಳ ಪಟ್ಟಿಯನ್ನು ಪ್ರಕಟಿಸಿತು; 2025ರ ಜನವರಿಯಲ್ಲಿ ಅವುಗಳ ಶೋಧಕ್ಕೆಂದೇ ಒಂದು ರಾಷ್ಟ್ರೀಯ ಮಿಷನ್‌ಗೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿತು; ಅದೇ ತಿಂಗಳು ಮಧುರೆ ಜಿಲ್ಲೆಯ ನಾಯಕ್ಕರ್‌ಪಟ್ಟಿಯ ಟಂಗ್‌ಸ್ಟನ್ ಬ್ಲಾಕ್‌ನ ಹರಾಜು ಜನರ ವಿರೋಧದಿಂದಾಗಿ ರದ್ದಾಯಿತು. ಮಂಡ್ಯದ ಮರಳಗಾಲದ ಲಿಥಿಯಂ ಸುದ್ದಿ ಅದಕ್ಕೂ ಮೊದಲಿನದು. ಹೀಗೆ ಲಿಥಿಯಂ, ಟಂಗ್‌ಸ್ಟನ್, ಮಾಲಿಬ್ಡಿನಂ ಎಂಬ ಹೆಸರುಗಳು ಪಠ್ಯಪುಸ್ತಕದಿಂದ ಚಹಾದಂಗಡಿಗೆ ಬಂದಿವೆ. ಹೆಸರುಗಳ ಬೆನ್ನಿಗೆ ದಲ್ಲಾಳಿಗಳೂ ಬಂದಿದ್ದಾರೆ. ಕಲ್ಲನ್ನು ಸುಮ್ಮನೆ ನೋಡಿ ಅದರ ಹೆಸರನ್ನೂ ಬೆಲೆಯನ್ನೂ ಹೇಳುವವರ ಮಾತಿಗೆ ಮರುಳಾಗದಿರಬೇಕಾದರೆ, ಲೋಹದ ಹೊಳಪಿನ ಖನಿಜಗಳನ್ನು ಸ್ಥಳದಲ್ಲೇ ಎಷ್ಟರ ಮಟ್ಟಿಗೆ ಗುರುತಿಸಬಹುದು, ಎಲ್ಲಿಂದ ಮುಂದೆ ಗುರುತಿಸಲಾಗದು ಎಂಬುದು ಓದುಗರಿಗೆ ತಿಳಿದಿರಬೇಕು. ಬಹುಕಾಲ ಭೂವಿಜ್ಞಾನ ಕಲಿಸಿದ ನನಗೆ ಇದನ್ನು ಕನ್ನಡದಲ್ಲಿ ಒಂದೆಡೆ ಬರೆದಿಡುವುದು ಅಗತ್ಯವೆನಿಸಿದ್ದರಿಂದ ಈ ಪತ್ರ. ಸಂಪಾದಕರಿಗೆ ಬರೆಯುವ ಪತ್ರಕ್ಕೆ ಇದು ಉದ್ದವಾಯಿತು. ವಿಷಯ ಅಷ್ಟನ್ನು ಬೇಡುತ್ತದೆ.

ಮೊದಲು ಹೇಳಬೇಕಾದದ್ದು, ಲೋಹದಂತೆ ಹೊಳೆಯುವುದಕ್ಕೂ ಅಪರೂಪದ ಲೋಹವನ್ನು ಒಳಗೊಂಡಿರುವುದಕ್ಕೂ ನೇರ ಸಂಬಂಧವಿಲ್ಲ ಎಂಬುದು. ಲಿಥಿಯಂ ದೊರೆಯುವ ಸ್ಪೋಡ್ಯುಮೀನ್ ಖನಿಜ ಮಾಸಲು ಬಿಳಿಯದೋ ತಿಳಿ ಹಸಿರಿನದೋ ಆಗಿರುತ್ತದೆ. ಅದಕ್ಕೆ ಲೋಹದ ಹೊಳಪೇ ಇಲ್ಲ. ಟಂಗ್‌ಸ್ಟನ್‌ನ ಮುಖ್ಯ ಅದಿರುಗಳಲ್ಲಿ ಒಂದಾದ ಷೀಲೈಟ್ ಹಗಲಿನಲ್ಲಿ ಬೆಣಚುಕಲ್ಲಿನ ನಡುವೆ ಎಣ್ಣೆ ಸವರಿದ ಬಿಳಿಕಲ್ಲಿನಂತೆ ಅಡಗಿರುತ್ತದೆ, ಕತ್ತಲಿನಲ್ಲಿ ಕಿರುತರಂಗದ ಅಲ್ಟ್ರಾವಯಲೆಟ್ ದೀಪವನ್ನು ಹಿಡಿದಾಗ ಮಾತ್ರ ನೀಲಿ ಬಿಳಿ ಬೆಳಕು ಸೂಸಿ ತನ್ನ ಗುಟ್ಟು ಬಿಟ್ಟುಕೊಡುತ್ತದೆ. ಕೋಲಾರದ ಚಿನ್ನದ ಅದಿರಿನ ಜೊತೆಯಲ್ಲಿ ಈ ಷೀಲೈಟ್ ಇದೆ. ಇನ್ನು ಚಿನ್ನದ ಮಾತು. ಕೋಲಾರದ ಗಣಿಗಳು ಮುಚ್ಚುವ ಕಾಲಕ್ಕೆ ಅಲ್ಲಿನ ಅದಿರಿನಲ್ಲಿ ಒಂದು ಟನ್ನಿಗೆ ಕೆಲವೇ ಗ್ರಾಂ ಚಿನ್ನವಿತ್ತು. ಅಂತಹ ಅದಿರನ್ನು ಅಂಗೈಯಲ್ಲಿಟ್ಟು ಎಷ್ಟು ಹೊತ್ತು ನೋಡಿದರೂ ಬರಿಗಣ್ಣಿಗೆ ಚಿನ್ನ ಕಾಣುವುದಿಲ್ಲ. ಕಾಣುವ ಹಳದಿ ಹೊಳಪು ಬಹುಪಾಲು ಕಬ್ಬಿಣ ಮತ್ತು ಗಂಧಕ ಸೇರಿದ ಪೈರೈಟಿನದು. ಅನುಭವಿಗಳು ಬೆಟ್ಟದಲ್ಲಿ ಹುಡುಕುವುದು ಮಿಂಚುವ ಕಲ್ಲನ್ನಲ್ಲ, ತುಕ್ಕು ಹಿಡಿದಂತೆ ಕಂದು ಬಣ್ಣಕ್ಕೆ ತಿರುಗಿ, ತೂತುತೂತಾಗಿ, ಯಾರ ಕಣ್ಣನ್ನೂ ಸೆಳೆಯದ ಕಲ್ಲನ್ನು. ಗಂಧಕ ಬೆರೆತ ಅದಿರು ಮಳೆಗಾಳಿಗೆ ಕೊಳೆತು ಕರಗಿಹೋದ ಮೇಲೆ ನೆಲದ ಮೇಲೆ ಉಳಿಯುವ ಈ ಕಂದು ಹೊದಿಕೆಯ ಮೇಲೆ ಅಲ್ಲಲ್ಲಿ ಹಸಿರು ಕಲೆ ಕಂಡರೆ, ಕೆಳಗೆ ತಾಮ್ರವಿರಬಹುದೆಂದು ಊಹಿಸಲು ಕಾರಣವುಂಟು.

ಲೋಹದ ಹೊಳಪು ಇರುವ ಖನಿಜವೇ ಕೈಗೆ ಬಂದಿತೆನ್ನಿ. ಆಗ ಮೇಲ್ಮೈಯ ಬಣ್ಣವನ್ನು ನಂಬಬಾರದು. ಗಾಳಿ ನೀರಿಗೆ ಒಡ್ಡಿಕೊಂಡ ಮೈ ಕಪ್ಪಾಗಿರುತ್ತದೆ, ಇಲ್ಲವೇ ನವಿಲುಗರಿಯ ಬಣ್ಣಗಳನ್ನು ತಾಳಿರುತ್ತದೆ. ಕಲ್ಲನ್ನು ಒಡೆದು ಹೊಸ ಮುಖವನ್ನು ನೋಡಿದ ಮೇಲೆಯೇ ಬಣ್ಣದ ಮಾತು. ಹೊಸ ಮುಖಕ್ಕಿಂತಲೂ ನಂಬಲರ್ಹವಾದದ್ದು ಅದರ ಒರೆ. ಅಕ್ಕಸಾಲಿಗಳು ಒಡವೆಯನ್ನು ಒರೆಗಲ್ಲಿಗೆ ಉಜ್ಜಿ, ಉಳಿದ ಗೆರೆಯನ್ನು ನೋಡಿ ಚಿನ್ನದ ಮಟ್ಟ ಹೇಳುವುದು ನಮಗೆಲ್ಲ ಗೊತ್ತು. ಖನಿಜಕ್ಕೆ ಕಪ್ಪು ಒರೆಗಲ್ಲಿನ ಬದಲು ಬಿಳಿಯದು ಬೇಕು. ಹೊಳಪು ಬಳಿಯದ ಪಿಂಗಾಣಿಯ ತುಂಡು ಸಾಕು. ಮನೆ ಕಟ್ಟುವಾಗ ಉಳಿದ ಟೈಲ್ಸಿನ ಹಿಂಬದಿ ಬೆಳ್ಳಗಿದ್ದರೆ ಅದೇ ಆದೀತು. ಖನಿಜವನ್ನು ಅದರ ಮೇಲೆ ಒತ್ತಿ ಎಳೆದಾಗ ಮೂಡುವ ಪುಡಿಯ ಬಣ್ಣ, ಕಲ್ಲಿನ ಮೈಬಣ್ಣ ಎಷ್ಟೇ ಬದಲಾದರೂ ಸಾಮಾನ್ಯವಾಗಿ ಬದಲಾಗುವುದಿಲ್ಲ. ಬಳ್ಳಾರಿ, ಸಂಡೂರಿನ ಕಡೆ ದೊರೆಯುವ, ಉಕ್ಕಿನಂತೆ ಬೂದು ಬಣ್ಣದಿಂದ ಮಿರುಗುವ, ಕಬ್ಬಿಣದ ಅದಿರಾದ ಹೆಮಟೈಟನ್ನು ಬೆಳ್ಳಿಯೆಂದೋ ಪ್ಲಾಟಿನಂ ಎಂದೋ ಯಾರಾದರೂ ಮಾರಲು ಬಂದರೆ ಈ ಒಂದು ಗೆರೆ ಸಾಕು, ಏಕೆಂದರೆ ಅದರ ಒರೆ ರಕ್ತದಂತೆ ಕೆಂಗಂದು. ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಅದಿರಾದ ಮ್ಯಾಗ್ನಟೈಟಿನ ಒರೆ ಕಪ್ಪು, ಕ್ರೋಮಿಯಂನ ಅದಿರಾದ ಕ್ರೋಮೈಟಿನದು ಕಡುಗಂದು, ಸೀಸದ ಅದಿರಾದ ಗೆಲೀನದ್ದು ಸೀಸದ ಬೂದು. ಹಿತ್ತಾಳೆಯಂತೆ ಹಳದಿಯಾಗಿ ಹೊಳೆಯುವ ಪೈರೈಟಿನ ಒರೆ ಹಸಿರು ಬೆರೆತ ಕಪ್ಪು. ಚಿನ್ನದ ಒರೆ ಮಾತ್ರ ಚಿನ್ನದ್ದೇ ಬಣ್ಣ. ಖನಿಜ ಪಿಂಗಾಣಿಗಿಂತ ಗಟ್ಟಿಯಾಗಿದ್ದರೆ ಬಣ್ಣ ಬೀಳದೆ ಪಿಂಗಾಣಿಗೇ ಗೀರು ಬೀಳುತ್ತದೆ. ಆಗ ಉಂಟಾಗುವ ಬಿಳಿಯ ಪುಡಿ ಪಿಂಗಾಣಿಯದೇ ಹೊರತು ಖನಿಜದ್ದಲ್ಲ ಎಂಬುದನ್ನು ಮರೆಯಬಾರದು.

ಗಡಸುತನದ ಪರೀಕ್ಷೆಯನ್ನು ಬೇಗನೆ ಹೇಳಿ ಮುಗಿಸಬಹುದು. ಖನಿಜವಿಜ್ಞಾನಿ ಫ್ರೀಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಒಂದರಿಂದ ಹತ್ತರ ಅಳತೆಯಲ್ಲಿ (ಅಂಕಿ ಹೆಚ್ಚಿದಷ್ಟೂ ಗಟ್ಟಿ) ನಮ್ಮ ಉಗುರು ಸುಮಾರು 2.5, ಸಾಮಾನ್ಯ ಗಾಜು ಮತ್ತು ಚಾಕುವಿನ ಅಲಗು ಸುಮಾರು 5.5ರ ಆಸುಪಾಸಿನಲ್ಲಿವೆ. ಪೈರೈಟ್ 6ರಿಂದ 6.5 ಆದ್ದರಿಂದ ಚಾಕುವಿಗೆ ಜಗ್ಗುವುದಿಲ್ಲ. ಅದರಂತೆಯೇ ಕಾಣುವ ತಾಮ್ರದ ಅದಿರು ಚಾಲ್ಕೊಪೈರೈಟ್ ಸುಮಾರು 3.5ರಿಂದ 4, ಚಾಕುವಿನಿಂದ ಸುಲಭವಾಗಿ ಗೀರಬಹುದು. ಚಿತ್ರದುರ್ಗದ ಬಳಿಯ ಇಂಗಳದಾಳದಲ್ಲಿ ತಾಮ್ರಕ್ಕಾಗಿ ತೆಗೆದದ್ದು ಇದೇ ಅದಿರನ್ನು. ಚಿನ್ನ ಇವೆರಡಕ್ಕಿಂತ ಮೃದು, ಅಷ್ಟೇ ಅಲ್ಲ, ಸೂಜಿಯ ಮೊನೆಯಿಂದ ಒತ್ತಿದರೆ ತಗ್ಗುತ್ತದೆ, ಬಡಿದರೆ ತಗಡಾಗುತ್ತದೆ. ಪೈರೈಟ್ ಬಡಿದರೆ ಪುಡಿಯಾಗುತ್ತದೆ. ಮರಳಿನಲ್ಲಿ ಮಿನುಗುವ ಕಾಗೆಬಂಗಾರ, ಅಂದರೆ ಅಭ್ರಕ, ಸೂಜಿಗೆ ಪದರಪದರವಾಗಿ ಬಿಚ್ಚಿಕೊಳ್ಳುತ್ತದೆ, ನೀರಿನಲ್ಲಿ ಕಲಕಿದರೆ ತೇಲಾಡುತ್ತದೆ. ನಮ್ಮ ಕಡೆ ಬೋರ್‌ವೆಲ್‌ನಿಂದ ಬರುವ ಬೂದು ಪುಡಿಯಲ್ಲಿ ‘ಚಿನ್ನ’ ಕಂಡಿತೆನ್ನುವ ಸುದ್ದಿಗಳಲ್ಲಿ ಹೆಚ್ಚಿನವು ಈ ಕಾಗೆಬಂಗಾರ ಮತ್ತು ಪೈರೈಟಿನ ಚೂರುಗಳಿಂದ ಹುಟ್ಟಿದವು. ಅದೇ ಪುಡಿಯಲ್ಲಿ ನಿಜವಾದ ಟಂಗ್‌ಸ್ಟನ್ ಸಿಗುವ ಒಂದು ದಾರಿಯೂ ಇದೆ: ಕೊರೆಯುವ ಬಿಟ್‌ನ ಮೂತಿಯಲ್ಲಿರುವ ಗುಂಡಿಗಳು ಟಂಗ್‌ಸ್ಟನ್ ಕಾರ್ಬೈಡಿನವು, ಅವು ಸಡಿಲವಾಗಿ ಉದುರುವುದುಂಟು. ಸಿಕ್ಕಿದವರು ಅದನ್ನು ಬೋರ್‌ವೆಲ್ ಲಾರಿಯವರಿಗೆ ಹಿಂದಿರುಗಿಸಿದರೆ ಸಾಕು.

ತೂಕದ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಅಪರೂಪದ ಲೋಹಗಳ ಅದಿರುಗಳಲ್ಲಿ ಬಹಳಷ್ಟು ಭಾರವಾದವು, ಮತ್ತು ಈ ಪರೀಕ್ಷೆಗೆ ತರಕಾರಿ ಅಂಗಡಿಯ ತಕ್ಕಡಿ, ದಾರ, ಒಂದು ಬಕೆಟ್ ನೀರು ಇದ್ದರೆ ಆಯಿತು. ಕಲ್ಲನ್ನು ದಾರದಲ್ಲಿ ತೂಗುಬಿಟ್ಟು ಮೊದಲು ಗಾಳಿಯಲ್ಲಿ ತೂಗಬೇಕು; ಆಮೇಲೆ ಬಕೆಟ್ಟಿನ ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ನೀರಿನೊಳಗೆ ಮುಳುಗಿಸಿ ತೂಗಬೇಕು; ಕಲ್ಲಿಗೆ ಅಂಟಿದ ಗಾಳಿಯ ಗುಳ್ಳೆಗಳನ್ನು ಬೆರಳಿನಿಂದ ಸವರಿ ತೆಗೆದಿರಬೇಕು. ಗಾಳಿಯಲ್ಲಿನ ತೂಕವನ್ನು, ನೀರಿನಲ್ಲಿ ಕಡಿಮೆಯಾದ ತೂಕದಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ, ಅಂದರೆ ಅದೇ ಗಾತ್ರದ ನೀರಿಗಿಂತ ಕಲ್ಲು ಎಷ್ಟು ಪಟ್ಟು ಭಾರವೆಂಬುದು, ಸಿಗುತ್ತದೆ. ಗಾಳಿಯಲ್ಲಿ 380 ಗ್ರಾಂ, ನೀರಿನಲ್ಲಿ 300 ಗ್ರಾಂ ತೂಗಿದ ಕಲ್ಲು 80 ಗ್ರಾಂ ಕಳೆದುಕೊಂಡಿದೆ. 380ನ್ನು 80ರಿಂದ ಭಾಗಿಸಿದರೆ 4.75. ಬೆಣಚುಕಲ್ಲು 2.65, ನಮ್ಮ ಬೆಟ್ಟಗಳ ಗ್ರಾನೈಟ್ ಮತ್ತು ಪಟ್ಟೆಪಟ್ಟೆಯಾದ ನೈಸ್ ಎಂಬ ಕಲ್ಲುಗಳು 2.6ರಿಂದ 2.8ರವರೆಗೆ, ಕ್ವಾರಿಗಳಲ್ಲಿ ತೆಗೆಯುವ ಕರಿಕಲ್ಲು ಸುಮಾರು 3 ಇರುತ್ತವೆ. ಪೈರೈಟ್ 5, ಮ್ಯಾಗ್ನಟೈಟ್ 5.2, ಟಂಗ್‌ಸ್ಟನ್‌ನ ಇನ್ನೊಂದು ಅದಿರಾದ ವುಲ್ಫ್ರಮೈಟ್ 7ರಿಂದ 7.5, ಗೆಲೀನ ಸುಮಾರು 7.5, ಶುದ್ಧ ಚಿನ್ನ 19.3. ಒಂದೇ ಗಾತ್ರದ ಚಿನ್ನ ಮತ್ತು ಪೈರೈಟನ್ನು ಎರಡು ಕೈಯಲ್ಲಿ ಹಿಡಿದರೆ ಒಂದು ಇನ್ನೊಂದರ ಸುಮಾರು ನಾಲ್ಕು ಪಟ್ಟು ಭಾರ ಎಂದಾಯಿತು.

ಈ ಲೆಕ್ಕದಲ್ಲಿ ಒಂದು ತೊಡಕು ಇದೆ, ಅದನ್ನು ಹೇಳದೆ ಬಿಡುವವರೇ ಹೆಚ್ಚು. ತಕ್ಕಡಿಯಲ್ಲಿ ತೂಗುವುದು ಇಡೀ ಕಲ್ಲನ್ನೇ ಹೊರತು ಅದರೊಳಗಿನ ಅದಿರನ್ನಲ್ಲ. ಬೆಣಚುಕಲ್ಲಿನಲ್ಲಿ ಗಾತ್ರದ ಹತ್ತನೆಯ ಒಂದು ಪಾಲು ಗೆಲೀನ ಬೆರೆತಿದೆ ಎಂದುಕೊಂಡರೆ, ಆ ಕಲ್ಲಿನ ಒಟ್ಟು ಸಾಂದ್ರತೆ ಸುಮಾರು 3.1 ಆಗುತ್ತದೆ, ಏನೂ ಇಲ್ಲದ ಕರಿಕಲ್ಲಿನ ತುಂಡಿನದೂ ಅಷ್ಟೇ. ಆದ್ದರಿಂದ ಕಲ್ಲನ್ನು ಒಡೆದು, ಅದಿರಿನ ಕಣಗಳನ್ನು ಆದಷ್ಟೂ ಬಿಡಿಸಿಕೊಂಡು ತೂಗಬೇಕು. ಅದು ಆಗದಿದ್ದರೆ ಪುಡಿ ಮಾಡಿ ಬಾಣಲೆಯಲ್ಲಿ ನೀರು ಹಾಕಿ ತೊಳೆಯಬೇಕು. ಹಗುರವಾದದ್ದು ನೀರಿನೊಂದಿಗೆ ಹೊರಟು, ಭಾರವಾದದ್ದು ತಳದಲ್ಲಿ ಉಳಿಯುತ್ತದೆ. ಇದು ಹೊಸ ವಿದ್ಯೆಯಲ್ಲ. ಕಪ್ಪತಗುಡ್ಡದ ಸುತ್ತಲಿನ ಹಳ್ಳಗಳಲ್ಲಿ ಜಾಲಗಾರರು ತಲೆಮಾರುಗಳಿಂದ ಮರಳು ತೊಳೆದು ಚಿನ್ನ ತೆಗೆದದ್ದು ಹೀಗೆಯೇ. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯ ಗಡಿಯ ಅಳತೆಗೆ ಬಂದಿದ್ದ ಜಾನ್ ವಾರೆನ್ ಎಂಬ ಸೈನ್ಯಾಧಿಕಾರಿ 1802ರಲ್ಲಿ ಕೋಲಾರದ ಪೂರ್ವಕ್ಕೆ ಚಿನ್ನದ ಸುಳಿವು ಹಿಡಿದದ್ದು ಕೂಡ, ಊರಿನವರು ಮಣ್ಣನ್ನು ತೊಳೆದು ಕಣಗಳನ್ನು ತೋರಿಸಿದ್ದರಿಂದ. ಆ ಊರಿನವರು ಹೊಳಪನ್ನು ನಂಬಲಿಲ್ಲ, ತೂಕವನ್ನು ನಂಬಿದರು. ಮುಂದೆ ಅದೇ ನೆಲದಿಂದ, ಗಣಿಗಳು 2001ರಲ್ಲಿ ಮುಚ್ಚುವ ಹೊತ್ತಿಗೆ, ಸುಮಾರು 800 ಟನ್ ಚಿನ್ನ ಹೊರಬಂದಿತ್ತು. ಕೋಲಾರದ ಆ ಕಪ್ಪು ಶಿಲೆಯ ಪಟ್ಟಿ ತೆಂಕಣಕ್ಕೆ ಆಂಧ್ರದ ಚಿತ್ತೂರು ಜಿಲ್ಲೆಯೊಳಗೂ ಮುಂದುವರಿದು, ಬಿಸನತ್ತಂ, ಚಿಗರಗುಂಟಗಳಲ್ಲಿಯೂ ಗಣಿಗಳಿದ್ದವು. ಹಾಗಾಗಿ ನಮ್ಮ ಸೀಮೆಯವರಿಗೆ ಚಿನ್ನದ ಆಸೆ ಆಧಾರವಿಲ್ಲದ್ದೆಂದು ನಾನು ಹೇಳಲಾರೆ. ಆದರೆ ಪಟ್ಟಿಯ ಹೊರಗೆ ಹತ್ತಾರು ಕಿಲೋಮೀಟರ್ ದೂರದ ಬೂದು ನೈಸ್ ಕಲ್ಲಿನಲ್ಲಿ ಕಂಡ ಹಳದಿ ಚುಕ್ಕೆಗೆ ಆ ಆಧಾರ ಒದಗುವುದಿಲ್ಲ.

ನಮ್ಮ ಜಿಲ್ಲೆಗೇ ಸಂಬಂಧಿಸಿದ ಇನ್ನೊಂದು ಲೋಹ ಮಾಲಿಬ್ಡಿನಂ. ಪಕ್ಕದ ಧರ್ಮಪುರಿ ಜಿಲ್ಲೆಯ ಹರೂರಿನಿಂದ ನಮ್ಮ ಊತ್ತಂಗರೈವರೆಗಿನ ಪಟ್ಟಿಯಲ್ಲಿ ಬಂಡೆಯನ್ನು ಸೀಳಿಕೊಂಡು ಹೋಗುವ ಬೆಣಚಿನ ಗೆರೆಗಳೊಳಗೆ ಅದರ ಅದಿರಾದ ಮಾಲಿಬ್ಡಿನೈಟ್ ಇರುವುದನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಗುರುತಿಸಿ ಶೋಧ ನಡೆಸಿದೆ. ಸ್ಥಳದಲ್ಲಿ ಗುರುತಿಸುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು, ಏಕೆಂದರೆ ಮಾಲಿಬ್ಡಿನೈಟ್ ಮತ್ತು ಗ್ರಾಫೈಟ್ ನೋಡಲು ಅವಳಿಗಳು. ಎರಡೂ ಉಗುರಿಗೆ ಗೀರುವಷ್ಟು ಮೃದು, ಎರಡೂ ಮುಟ್ಟಿದರೆ ಜಿಡ್ಡುಜಿಡ್ಡು, ಎರಡೂ ಹಾಳೆಹಾಳೆಯಾಗಿ ಬಿಚ್ಚಿಕೊಳ್ಳುತ್ತವೆ, ಎರಡೂ ಕಾಗದದ ಮೇಲೆ ಪೆನ್ಸಿಲಿನಂತೆ ಗೆರೆ ಎಳೆಯುತ್ತವೆ. ಬೇರೆ ಮಾಡುವುದು ಹೇಗೆ? ಬೆಳಗಿನ ಬೆಳಕಿನಲ್ಲಿ ಹಿಡಿದರೆ ಮಾಲಿಬ್ಡಿನೈಟಿನ ಬೂದುಬಣ್ಣದಲ್ಲಿ ನೀಲಿಯ ಛಾಯೆ ಕಾಣುತ್ತದೆ, ಗ್ರಾಫೈಟಿನದು ಕಂದು ಅಥವಾ ಕಪ್ಪಿನ ಕಡೆಗೆ ವಾಲುತ್ತದೆ. ಇದು ಕಣ್ಣಿನ ಅಭ್ಯಾಸದ ಮಾತು, ಅದರ ಮೇಲೆ ಪೂರ್ತಿ ಭಾರ ಹಾಕಬೇಡಿ. ಹೊಳಪುಳ್ಳ ಪಿಂಗಾಣಿಯ ಮೇಲೆ ಉಜ್ಜಿ ನೋಡಿ: ಮಾಲಿಬ್ಡಿನೈಟಿನ ಗೆರೆಯಲ್ಲಿ ಹಸಿರು ಛಾಯೆ ಮೂಡುತ್ತದೆ, ಗ್ರಾಫೈಟಿನದು ಅಚ್ಚ ಕಪ್ಪು ಇಲ್ಲವೇ ಬೂದು. ಬಿಳಿ ತಟ್ಟೆಯ ಮುಂಬದಿ ಇಲ್ಲಿ ಹಿಂಬದಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಸೋಜಿಗವೇ ಸರಿ. ಕೊನೆಗೆ ತಕ್ಕಡಿ: ಮಾಲಿಬ್ಡಿನೈಟಿನ ಸಾಂದ್ರತೆ ಸುಮಾರು 4.7, ಗ್ರಾಫೈಟಿನದು ಸುಮಾರು 2.2. ಬಿಡಿಸಿದ ಹಾಳೆಗಳು ಸಾಕಷ್ಟಿದ್ದರೆ ಇಲ್ಲಿ ತಪ್ಪಲು ಅವಕಾಶವೇ ಇಲ್ಲ, ಒಂದು ಇನ್ನೊಂದರ ಎರಡು ಪಟ್ಟಿಗಿಂತ ಭಾರ. ಇಷ್ಟಾದರೂ ಹತ್ತು ಹಾಳೆ ಮಾಲಿಬ್ಡಿನೈಟ್ ಸಿಕ್ಕಿತೆಂಬುದರಿಂದ ಗಣಿ ಇದೆಯೆಂದಾಗುವುದಿಲ್ಲ. ಒಂದು ಟನ್ ಕಲ್ಲಿನಲ್ಲಿ ಎಷ್ಟಿದೆ, ಎಷ್ಟು ಆಳಕ್ಕೆ, ಎಷ್ಟು ದೂರಕ್ಕೆ ಹಬ್ಬಿದೆ ಎಂಬುದನ್ನು ಕೊರೆದು, ವಿಶ್ಲೇಷಿಸಿ, ಲೆಕ್ಕ ಹಾಕಿಯೇ ತಿಳಿಯಬೇಕು.

ಕಪ್ಪು ಕಲ್ಲುಗಳಲ್ಲಿ ಆಗುವ ಗೊಂದಲ ಇನ್ನೊಂದು ಬಗೆಯದು. ದೊಡ್ಡದೊಡ್ಡ ಹರಳುಗಳ ಪೆಗ್ಮಟೈಟ್ ಗೆರೆಗಳಲ್ಲಿ, ಅಭ್ರಕ ಮತ್ತು ಬೆರಿಲ್ ಜೊತೆಯಲ್ಲಿ, ನಿಯೋಬಿಯಂ ಮತ್ತು ಟಾಂಟಲಂಗಳ ಅದಿರಾದ ಕೊಲಂಬೈಟ್-ಟಾಂಟಲೈಟ್ ಇರುವುದುಂಟು. ಅದು ಕಪ್ಪು, ಲೋಹದ ಮಂದ ಹೊಳಪುಳ್ಳದ್ದು. ಅದೇ ಗೆರೆಗಳಲ್ಲಿ ಅದಕ್ಕಿಂತ ಬಹಳ ಹೆಚ್ಚಾಗಿ ಇರುವುದು ಕಪ್ಪು ಟೂರ್ಮಲೀನ್. ಟೂರ್ಮಲೀನಿನ ಕಡ್ಡಿಯನ್ನು ಅಡ್ಡಲಾಗಿ ಮುರಿದರೆ ಮುಖ ಉಬ್ಬಿದ ಬದಿಗಳ ತ್ರಿಕೋನದಂತೆ ಕಾಣುತ್ತದೆ, ಉದ್ದಕ್ಕೂ ಗೀರುಗಳಿರುತ್ತವೆ, ಹೊಳಪು ಗಾಜಿನದು, ಸಾಂದ್ರತೆ 3ಕ್ಕಿಂತ ಸ್ವಲ್ಪವಷ್ಟೇ ಹೆಚ್ಚು. ಕೊಲಂಬೈಟಿನದು 5ಕ್ಕಿಂತ ಮೇಲೆ ಶುರುವಾಗಿ, ಟಾಂಟಲಂ ಹೆಚ್ಚಾದಂತೆ 8ರ ಹತ್ತಿರಕ್ಕೆ ಏರುತ್ತದೆ. ಈ ಏರಿಕೆಯಿಂದ ನಿಯೋಬಿಯಂ ಹೆಚ್ಚೋ ಟಾಂಟಲಂ ಹೆಚ್ಚೋ ಎಂಬುದನ್ನು ಸ್ಥೂಲವಾಗಿ ಊಹಿಸಬಹುದಾದರೂ ನಿಖರ ಪ್ರಮಾಣಕ್ಕೆ ಪ್ರಯೋಗಾಲಯವೇ ಗತಿ. ಪೆಗ್ಮಟೈಟಿನ ಕೆಲವು ಕಪ್ಪು ಖನಿಜಗಳಲ್ಲಿ ಯುರೇನಿಯಂ, ಥೋರಿಯಂ ಸೇರಿರುವುದರಿಂದ ಅಂಥವನ್ನು ದೇವರ ಕೋಣೆಯಲ್ಲೋ ತಲೆದಿಂಬಿನ ಬಳಿಯಲ್ಲೋ ಇಟ್ಟುಕೊಳ್ಳುವುದು ಸಲ್ಲದು.

ಕಪ್ಪಾಗಿ, ಭಾರವಾಗಿ, ಅಲ್ಲಲ್ಲಿ ಗಾಜಿನಂತೆ ಹೊಳೆದು, ಆಗಾಗ ಅಯಸ್ಕಾಂತಕ್ಕೂ ಅಂಟುವ ಇನ್ನೊಂದು ವಸ್ತು ನಮ್ಮ ಹೊಲಗಳಲ್ಲಿ ಹೇರಳ. ಅದು ಖನಿಜವೇ ಅಲ್ಲ, ಕಬ್ಬಿಣ ಕರಗಿಸಿದ ಕಿಟ್ಟ. ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈ ಉತ್ಖನನದಲ್ಲಿ ಕಬ್ಬಿಣದ ಬಳಕೆಯ ಕಾಲ ಕ್ರಿ.ಪೂ. 2172ರಷ್ಟು ಹಿಂದಕ್ಕೆ ಹೋಗುತ್ತದೆಂದು ತಮಿಳುನಾಡು ಸರ್ಕಾರ 2022ರಲ್ಲಿ ಪ್ರಕಟಿಸಿದ್ದನ್ನು ಓದುಗರು ನೆನೆಯಬಹುದು. ಅಷ್ಟು ಹಳೆಯ ಕಸುಬಿನ ನಾಡಿನಲ್ಲಿ ಕುಲುಮೆಯ ಕಿಟ್ಟ ನೆಲದ ತುಂಬ ಚೆಲ್ಲಿರುವುದು ಸಹಜ. ಇದನ್ನು ಉಲ್ಕಾಶಿಲೆಯೆಂದು ಮಾರುವವರೂ ಇದ್ದಾರೆ, ಅಪರೂಪದ ಲೋಹವೆಂದು ಕೊಳ್ಳುವವರೂ ಇದ್ದಾರೆ. ಒಡೆದು ನೋಡಿದರೆ ಒಳಗೆ ಗಾಳಿಗುಳ್ಳೆಗಳ ತೂತು, ಹರಿದು ಹೆಪ್ಪುಗಟ್ಟಿದ ಮಡಿಕೆ, ಕೆಲವೊಮ್ಮೆ ಇದ್ದಿಲಿನ ಚೂರು ಕಾಣುತ್ತವೆ. ಉಲ್ಕಾಶಿಲೆಯಲ್ಲಿ ಅಂತಹ ಗುಳ್ಳೆಗಳಿರುವುದು ತೀರ ವಿರಳ. ಕಿಟ್ಟಕ್ಕೆ ಸಂತೆಯಲ್ಲಿ ಬೆಲೆಯಿಲ್ಲ, ಇತಿಹಾಸದಲ್ಲಿ ಇದೆ. ಸಿಕ್ಕ ಜಾಗವನ್ನು ಬರೆದಿಟ್ಟು ಪುರಾತತ್ವ ಇಲಾಖೆಗೆ ತಿಳಿಸಿದರೆ ಒಳ್ಳೆಯದು.

ಪ್ಲಾಟಿನಂ ಗುಂಪಿನ ಲೋಹಗಳ ಹೆಸರಿನಲ್ಲಿ ನಡೆಯುವ ಮೋಸವನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ನಾಮಕ್ಕಲ್ ಜಿಲ್ಲೆಯ ಸಿತ್ತಂಪೂಂಡಿಯ ಕ್ರೋಮೈಟ್ ಪದರಗಳಲ್ಲಿಯೂ ದಾವಣಗೆರೆ ಜಿಲ್ಲೆಯ ಹನುಮಲಾಪುರದಲ್ಲಿಯೂ ಈ ಗುಂಪಿನ ಲೋಹಗಳಿರುವುದು ವಿಜ್ಞಾನಿಗಳಿಗೆ ಗೊತ್ತು. ಆದರೆ ಅಲ್ಲಿ ಅವು ಇರುವುದು ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಕಣಗಳಾಗಿ. ಮುಷ್ಟಿಯಷ್ಟು ಗಟ್ಟಿಯಾಗಿ ಅಲ್ಲ. ಹೀಗಿರುವಾಗ ಈ ಗುಂಪಿನದೇ ಲೋಹವಾದ ಇರಿಡಿಯಂ ಹೆಸರಿನಲ್ಲಿ, ‘ಇರಿಡಿಯಂ ಬೆರೆತ’ ತಾಮ್ರದ ಚೊಂಬು ಅಕ್ಕಿಯನ್ನು ಎಳೆಯುತ್ತದೆ ಎಂದು ತೋರಿಸಿ ಲಕ್ಷಗಟ್ಟಲೆ ಹಣ ಕಿತ್ತ ‘ರೈಸ್ ಪುಲ್ಲಿಂಗ್’ ಪ್ರಕರಣಗಳು ಮೂರೂ ರಾಜ್ಯಗಳ ಪೊಲೀಸ್ ಠಾಣೆಗಳಲ್ಲಿ ದಾಖಲಾಗುತ್ತಲೇ ಇವೆ. ಇರಿಡಿಯಂ ಅಯಸ್ಕಾಂತದಂತೆ ವರ್ತಿಸುವ ಲೋಹವಲ್ಲ, ಅಕ್ಕಿಯನ್ನು ಎಳೆಯುವ ಗುಣ ಯಾವ ಲೋಹಕ್ಕೂ ಇಲ್ಲ. ಅಕ್ಕಿಗೆ ಕಬ್ಬಿಣದ ಪುಡಿ ಹತ್ತಿಸಿ, ಪಾತ್ರೆಯಲ್ಲಿ ಅಯಸ್ಕಾಂತ ಅಡಗಿಸಿ ಈ ಆಟ ಕಟ್ಟುತ್ತಾರೆ. ಪ್ರಪಂಚದಲ್ಲಿ ವರ್ಷಕ್ಕೆ ಕೆಲವೇ ಟನ್ ಇರಿಡಿಯಂ ಉತ್ಪಾದನೆಯಾಗುತ್ತದೆ, ಅದರ ಬಹುಪಾಲು ದಕ್ಷಿಣ ಆಫ್ರಿಕದ ಪ್ಲಾಟಿನಂ ಗಣಿಗಳ ಉಪೋತ್ಪನ್ನ. ಅದರ ಸಾಂದ್ರತೆ 22.5ಕ್ಕಿಂತ ಹೆಚ್ಚು, ತಾಮ್ರದ್ದು ಸುಮಾರು 8.9. ಮಾರಲು ಬಂದವನ ಚೊಂಬನ್ನು ಮೇಲೆ ಹೇಳಿದ ದಾರ ಮತ್ತು ಬಕೆಟ್ಟಿನ ಪರೀಕ್ಷೆಗೆ ಒಡ್ಡಿ ನೋಡಿ, ಲೆಕ್ಕ 9ರ ಕೆಳಗೆ ನಿಲ್ಲುತ್ತದೆ. ಪರೀಕ್ಷೆಗೆ ಅವನು ಒಪ್ಪದಿದ್ದರೆ ಅದೂ ಒಂದು ಫಲಿತಾಂಶವೇ.

ಉಪಕರಣಗಳ ಬಗ್ಗೆಯೂ ಎರಡು ಮಾತು. ಲೋಹಶೋಧಕ ಕೂಗಿದರೆ ಲೋಹ ಸಿಕ್ಕಿತೆಂದಲ್ಲ, ವಿದ್ಯುತ್ತನ್ನು ಹರಿಯಬಿಡುವ ಏನೋ ಒಂದು ಇದೆಯೆಂದು. ಗ್ರಾಫೈಟಿಗೂ ಕಬ್ಬಿಣ ಮತ್ತು ಗಂಧಕದ ಇನ್ನೊಂದು ಖನಿಜವಾದ ಪಿರೋಟೈಟಿಗೂ ಲಾಳದ ಮೊಳೆಗೂ ಅದು ಕೂಗಬಲ್ಲದು. ಮೊಬೈಲಿನಲ್ಲಿ ಚಿತ್ರ ತೆಗೆದು ಕಲ್ಲಿನ ಹೆಸರು ಹೇಳುವ ಆ್ಯಪ್‌ಗಳಿಗೆ ಗೊತ್ತಾಗುವುದು ಬಣ್ಣ ಮತ್ತು ಆಕಾರ. ಒರೆ, ತೂಕ, ಗಡಸುತನಗಳು ಚಿತ್ರದಲ್ಲಿ ಬರುವುದಿಲ್ಲ. ಎಕ್ಸ್-ಕಿರಣ ಹಾಯಿಸಿ ಧಾತುಗಳನ್ನು ಅಳೆಯುವ, ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ ಇವೆರಡಕ್ಕಿಂತ ಎಷ್ಟೋ ಮೇಲು, ತಜ್ಞರು ಅದನ್ನು ಬಳಸುತ್ತಾರೆ. ಆದರೂ ಅದು ಓದುವುದು ಕಲ್ಲಿನ ಮೇಲ್ಪದರದ ಧಾತುಗಳನ್ನು, ಖನಿಜದ ಹೆಸರನ್ನಲ್ಲ. ಲಿಥಿಯಂನಂತಹ ಹಗುರ ಧಾತು ಅದಕ್ಕೆ ಕಾಣುವುದೇ ಇಲ್ಲ. ಯಂತ್ರವನ್ನು ಕಲ್ಲಿಗೆ ಒತ್ತಿ ‘ಇಷ್ಟು ಶೇಕಡ ಲಿಥಿಯಂ’ ಎಂದು ತೋರಿಸಿದವರು ಸುಳ್ಳು ಹೇಳುತ್ತಿದ್ದಾರೆಂದು ನಿಶ್ಚಯವಾಗಿ ಹೇಳಬಹುದು.

ಮನೆಯಲ್ಲಿ ಮಾಡಬಾರದ ಪರೀಕ್ಷೆಗಳೂ ಇವೆ. ಬೆಳ್ಳಿಯಂತೆ ಬಿಳುಪಾಗಿ ಹೊಳೆಯುವ ಆರ್ಸೆನೊಪೈರೈಟನ್ನು ಸುತ್ತಿಗೆಯಿಂದ ಬಡಿದರೆ ಬೆಳ್ಳುಳ್ಳಿಯ ವಾಸನೆ ಬರುತ್ತದೆ. ಚಿನ್ನದ ಜೊತೆ ಇದು ಹಲವೆಡೆ ಇರುವುದರಿಂದ ಆ ವಾಸನೆ ಶೋಧಕರಿಗೆ ಒಳ್ಳೆಯ ಸುಳಿವು. ಆದರೆ ಅದು ಆರ್ಸೆನಿಕ್ಕಿನ ವಾಸನೆ. ಅಡಿಗೆಮನೆಯ ಒಲೆಯ ಮೇಲೆ ಇದನ್ನು ಕಾಯಿಸಿದರೆ ವಿಷವೇ ಹೊಗೆಯಾಗಿ ಏಳುತ್ತದೆ. ಪಾದರಸ ಹಾಕಿ ಚಿನ್ನ ಬಿಡಿಸುವುದು, ನೈಟ್ರಿಕ್ ಆಮ್ಲ ಸುರಿದು ನೋಡುವುದು ಇವೂ ತಿಳಿಯದವರು ಮಾಡುವ ಕೆಲಸವಲ್ಲ. ನೀರು ತುಂಬಿದ ಹಳೆಯ ಕ್ವಾರಿ ಹೊಂಡಗಳಿಗೆ ಕಲ್ಲು ಹುಡುಕಲು ಮಕ್ಕಳನ್ನು ಕಳಿಸಲೂಬಾರದು.

ಒರೆ, ಗಡಸುತನ, ತೂಕ, ಅಯಸ್ಕಾಂತಕ್ಕೆ ಅಂಟುತ್ತದೆಯೋ ಇಲ್ಲವೋ ಎಂಬುದು, ಈ ನಾಲ್ಕನ್ನೂ ನೋಡಿದ ಮೇಲೆ ನಮಗೆ ಖಚಿತವಾಗಿ ಗೊತ್ತಾಗುವುದು ಆ ಕಲ್ಲು ಏನಲ್ಲ ಎಂಬುದು. ಏನು ಎಂಬುದು ಎರಡು ಮೂರು ಹೆಸರುಗಳಿಗೆ ಇಳಿದಿರುತ್ತದೆ, ಅಷ್ಟೇ. ಭೂವಿಜ್ಞಾನಿಗಳೂ ಸ್ಥಳದಲ್ಲಿ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ, ತಮ್ಮ ಟಿಪ್ಪಣಿಯಲ್ಲಿ ಹೆಸರಿನ ಮುಂದೆ ಪ್ರಶ್ನೆಚಿಹ್ನೆ ಹಾಕಿ ಮುಂದೆ ನಡೆಯುತ್ತಾರೆ. ಅವರು ಕಲ್ಲಿಗಿಂತ ಹೆಚ್ಚು ಗಮನ ಕೊಡುವುದು ಅದು ಇದ್ದ ಜಾಗಕ್ಕೆ: ಸುತ್ತಲಿನ ಶಿಲೆ ಯಾವುದು, ಗೆರೆ ಯಾವ ದಿಕ್ಕಿಗೆ ಓಡುತ್ತದೆ, ಕಲ್ಲು ನೆಲಕ್ಕೆ ಅಂಟಿಕೊಂಡಿತ್ತೋ ಅಥವಾ ಎಲ್ಲಿಂದಲೋ ಉರುಳಿಯೋ ಲಾರಿಯಲ್ಲಿ ಜಲ್ಲಿಯ ಜೊತೆಯೋ ಬಂದದ್ದೋ. ಊರಿನವರು ತರುವ ಕಲ್ಲುಗಳಲ್ಲಿ ಈ ಮಾಹಿತಿಯೇ ಇರುವುದಿಲ್ಲ. ಕಿಸೆಯಲ್ಲಿ ತಿಂಗಳುಗಟ್ಟಲೆ ಸವೆದ, ಎಲ್ಲಿ ಸಿಕ್ಕಿತೆಂದು ಹೇಳಲು ಒಲ್ಲದ ಕಲ್ಲಿನಿಂದ ಯಾವ ತಜ್ಞರಿಗೂ ಏನೂ ಆಗದು. ಜಾಗ ಹೇಳಿದರೆ ಬೇರೆಯವರು ಕಿತ್ತುಕೊಂಡಾರೆಂಬ ಅಂಜಿಕೆ ಇದಕ್ಕೆ ಕಾರಣವೆಂದು ನನಗೆ ಗೊತ್ತು. ಆದರೆ 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ, ಕಲ್ಲು ಸಿಕ್ಕವರು ಅನುಮತಿಯಿಲ್ಲದೆ ತಾವೇ ಗಣಿ ತೋಡುವಂತಿಲ್ಲ. 2023ರ ತಿದ್ದುಪಡಿಯ ನಂತರ 24 ನಿರ್ಣಾಯಕ ಖನಿಜಗಳ ಗಣಿಗಳನ್ನು ಹರಾಜು ಹಾಕುವ ಅಧಿಕಾರವೂ ಕೇಂದ್ರ ಸರ್ಕಾರದ ಕೈಯಲ್ಲಿದೆ. ಬಚ್ಚಿಟ್ಟುಕೊಂಡವರಿಗೆ ಸಿಗುವ ಲಾಭ ದಲ್ಲಾಳಿಯ ಸ್ನೇಹ ಮಾತ್ರ.

ಇನ್ನು ನನ್ನ ಕೋರಿಕೆ. ಅಪರೂಪದ ಖನಿಜ ಸಿಕ್ಕಿತೆಂಬ ಸುದ್ದಿ ಗಡಿಭಾಗದಿಂದ ಬಂದಾಗ, ಅದರ ಒರೆಯ ಬಣ್ಣವೇನು, ಸಾಂದ್ರತೆ ಎಷ್ಟು, ಯಾವ ಶಿಲೆಯಲ್ಲಿ ಸಿಕ್ಕಿತು, ಪ್ರಯೋಗಾಲಯದ ವರದಿ ಇದೆಯೇ ಎಂದು ನಿಮ್ಮ ವರದಿಗಾರರು ಕೇಳಲಿ. ಉತ್ತರ ಇಲ್ಲದಿದ್ದರೆ ‘ಹೊಳೆಯುವ ಕಲ್ಲು ಪತ್ತೆ’ ಎಂದಷ್ಟೇ ಅಚ್ಚಾಗಲಿ, ಬೆಲೆಯ ಅಂದಾಜು ಬೇಡವೇ ಬೇಡ. ಹೊಸೂರು, ಡೆಂಕಣಿಕೋಟೆ ಭಾಗದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮಕ್ಕಳಿಗೆ ಮುಟ್ಟಿ ನೋಡಲು ಖನಿಜದ ಮಾದರಿಗಳಿಲ್ಲ ಎಂಬ ಕೊರಗು ಹಳೆಯದು. ಎರಡು ರಾಜ್ಯಗಳ ನಡುವೆ ಸಿಕ್ಕಿಕೊಂಡ ಶಾಲೆಗಳಿಗೆ ಪ್ರಯೋಗಶಾಲೆ ಯಾರು ಕೊಡಬೇಕೆಂಬ ಚರ್ಚೆ ಮುಗಿಯುವವರೆಗೆ ಕಾಯದೆ, ಟೈಲ್ಸಿನ ತುಂಡು, ಅಯಸ್ಕಾಂತ, ಸ್ಪ್ರಿಂಗ್ ತಕ್ಕಡಿ ಮತ್ತು ಹತ್ತು ಸಾಮಾನ್ಯ ಖನಿಜಗಳ ಪೆಟ್ಟಿಗೆಯೊಂದನ್ನು ಒದಗಿಸುವುದು ಕನ್ನಡ ಸಂಘಗಳಿಗೆ ಕಷ್ಟವಲ್ಲ. ಆ ಹತ್ತರಲ್ಲಿ ಪೈರೈಟ್, ಕಾಗೆಬಂಗಾರ, ಹೆಮಟೈಟ್, ಮ್ಯಾಗ್ನಟೈಟ್, ಗ್ರಾಫೈಟ್ ಇರಲೇಬೇಕು, ಏಕೆಂದರೆ ಮೋಸಕ್ಕೆ ಬಳಕೆಯಾಗುವುದು ಇವೇ.

ನಿಜವಾಗಿಯೂ ಅನುಮಾನ ಹುಟ್ಟಿಸುವ ಕಲ್ಲು ಸಿಕ್ಕವರು, ಕೋಳಿಮೊಟ್ಟೆಗಿಂತ ಸ್ವಲ್ಪ ದೊಡ್ಡ ತುಂಡುಗಳನ್ನು, ಹೊಸದಾಗಿ ಒಡೆದ ಮುಖ ಕಾಣುವಂತೆ ಆರಿಸಿ, ಪಕ್ಕದ ಮಾಮೂಲು ಶಿಲೆಯ ತುಂಡೊಂದನ್ನೂ ಸೇರಿಸಿ, ಬೇರೆಬೇರೆ ಚೀಲಗಳಲ್ಲಿ ಹಾಕಲಿ. ಚೀಟಿಯಲ್ಲಿ ಊರು, ಸರ್ವೆ ನಂಬರು, ಮೊಬೈಲ್ ತೋರಿಸುವ ಅಕ್ಷಾಂಶ ರೇಖಾಂಶ, ದಿನಾಂಕ ಮತ್ತು ಎಷ್ಟು ಆಳದಲ್ಲಿ ಸಿಕ್ಕಿತೆಂಬುದನ್ನು ಪೆನ್ಸಿಲಿನಲ್ಲಿ ಬರೆಯಲಿ, ಪೆನ್ನಿನ ಶಾಯಿ ತೇವಕ್ಕೆ ಕದಡುತ್ತದೆ. ಅದನ್ನು ಜಿಲ್ಲೆಯ ಭೂವಿಜ್ಞಾನ ಮತ್ತು ಗಣಿ ಇಲಾಖೆಯ ಕಚೇರಿಗೋ, ಚೆನ್ನೈ ಇಲ್ಲವೇ ಬೆಂಗಳೂರಿನಲ್ಲಿರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕಚೇರಿಗೋ, ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೋ ತೋರಿಸಲಿ. ಹೋಗುವ ಮೊದಲು ಸರ್ವೇಕ್ಷಣೆಯ ‘ಭೂಕೋಶ್’ ಜಾಲತಾಣದಲ್ಲಿ ತಮ್ಮ ಊರಿನ ಶಿಲಾನಕ್ಷೆಯನ್ನು ತೆರೆದು ನೋಡಿಕೊಂಡರೆ, ಕಚೇರಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಅರ್ಧಕ್ಕರ್ಧ ಕಡಿಮೆಯಾಗುತ್ತವೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಭೂವಿಜ್ಞಾನ ಅಧ್ಯಾಪಕ,
ಡೆಂಕಣಿಕೋಟೆ ತಾಲ್ಲೂಕು, ಕೃಷ್ಣಗಿರಿ ಜಿಲ್ಲೆ